ತಾತನ ಮಾತು ಮತ್ತು ರಬ್ಬರಿನ ಹೆಬ್ಬಾವು

1976ರ ಬೇಸಿಗೆ ರಜೆ. ನನಗೆ ಒಂಬತ್ತು ವರ್ಷ. ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಬೇಕೆಂದು ಹೆಗ್ಗಡದೇವನಕೋಟೆಯಿಂದ ಮೈಸೂರಿಗೆ ಹೊರಟ ತಾತ ನನ್ನನ್ನೂ ಬಸ್ಸು ಹತ್ತಿಸಿಕೊಂಡಿದ್ದರು. ಕಣ್ಣು ತೋರಿಸಿಕೊಂಡವರು ಅವರು, ಕಣ್ತುಂಬ ನೋಡಿ ಬಂದವನು ನಾನು. ಟಾಕೀಸೊಂದರಲ್ಲಿ ಬೆಳಗಿನ ಆಟಕ್ಕೆ 'ಜಂಗಲ್ ಬುಕ್' ಹಾಕಿದ್ದರು. ಡಿಸ್ನಿಯವರ ಕುಣಿಯುವ ಕರಡಿಯದ್ದಲ್ಲ, 1942ರಲ್ಲಿ ಕೊರ್ಡಾ ಸಹೋದರರು ತೆಗೆದದ್ದು. ಅದರಲ್ಲಿ ಮೌಗ್ಲಿಯೂ ನಿಜವಾದ ಹುಡುಗ, ಹುಲಿಯೂ ನಿಜವಾದ ಹುಲಿ.

ಒಂದಕ್ಷರ ಇಂಗ್ಲಿಷ್ ತಿಳಿಯಲಿಲ್ಲ. ತಿಳಿಯಬೇಕಾದ್ದೇನೂ ಇರಲೂ ಇಲ್ಲ. ಹೆಬ್ಬಾವು 'ಕಾ' ನೀರಿನ ಮೇಲೆ ಮೌಗ್ಲಿಯನ್ನು ಹೊತ್ತು ಸಾಗಿತು. ಪಾಳುಬಿದ್ದ ಊರಿನ ನೆಲಮಾಳಿಗೆಯಲ್ಲಿ ಚಿನ್ನದ ರಾಶಿ, ಅದಕ್ಕೆ ಹೆಡೆಯೆತ್ತಿದ ನಾಗರಹಾವಿನ ಕಾವಲು. ಆ ಚಿನ್ನದ ಆಸೆಗೆ ಬಿದ್ದ ಮೂವರು ಊರಿನವರು, ಕೊನೆಗೆ ಇಡೀ ಕಾಡನ್ನು ನುಂಗುವ ಬೆಂಕಿ. ನಾನು ಕುರ್ಚಿಯ ತುದಿಯಲ್ಲಿದ್ದೆ. ಡಾಕ್ಟರು ಹಾಕಿದ್ದ ಹನಿ ಔಷಧದಿಂದ ಮಂಜಾದ ಕಣ್ಣುಗಳನ್ನು ಒರೆಸಿಕೊಳ್ಳುತ್ತಾ ತಾತ ಪಕ್ಕದಲ್ಲಿ ಪಿಸುಗುಟ್ಟಿದರು: "ಈ ಹುಡುಗ ನಮ್ಮ ಕಾರಾಪುರದವನು ಕಣೋ. ಮಾವುತನ ಮಗ. ನನ್ನ ಕೈಯಿಂದ ಬೆಲ್ಲ ಇಸ್ಕೊಂಡು ತಿಂತಿದ್ದ."

ನಾನು ನಂಬಲಿಲ್ಲ. ಪರದೆಯೇ ಸರಿಯಾಗಿ ಕಾಣದ ಮನುಷ್ಯನಿಗೆ ಹುಡುಗನ ಮುಖ ಹೇಗೆ ಕಂಡೀತು? ಅಲ್ಲದೆ ತಾತ ಊರಿನ ಯಾವ ಸಂಗತಿಯಲ್ಲೂ ತಮಗೊಂದು ಪಾತ್ರ ಕೊಟ್ಟುಕೊಳ್ಳುತ್ತಿದ್ದವರು. ಅವರಪ್ಪ ಆನೆ ಶಿಬಿರಕ್ಕೆ ರಾಗಿ, ಬೆಲ್ಲ ಸಾಗಿಸುತ್ತಿದ್ದದ್ದು ನಿಜ, ಗಾಡಿಯ ಹಿಂದೆ ಇವರು ಕೂತು ಹೋಗುತ್ತಿದ್ದದ್ದೂ ನಿಜ. ಅಷ್ಟಕ್ಕೆ ಇಂಗ್ಲಿಷ್ ಪಿಚ್ಚರಿನ ಹೀರೋ ಪರಿಚಯವಾಗಿಬಿಡುತ್ತಾನೆಯೇ? ನನ್ನ ಮಟ್ಟಿಗೆ ಆ ಕಾಡು ಸತ್ಯ, ತಾತ ಹೇಳಿದ್ದು ಕಟ್ಟುಕತೆ.

ಈಗ ಇರುವುದು ಲಾಸ್ ಏಂಜಲೀಸಿನ ಹೊರವಲಯದ ಥೌಸಂಡ್ ಓಕ್ಸ್‌ನಲ್ಲಿ. ಹೋದ ಚಳಿಗಾಲದ ಒಂದು ರಾತ್ರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಚಿತ್ರ ಹಾಕಿದೆ. ಅಮೆರಿಕದಲ್ಲಿ ಅದರ ಹಕ್ಕುಸ್ವಾಮ್ಯ ತೀರಿಹೋಗಿರುವುದರಿಂದ ಬಣ್ಣ ಮಾಸಿದ ಪ್ರತಿಗಳು ಪುಕ್ಕಟೆ ಸಿಗುತ್ತವೆ. ಹತ್ತು ನಿಮಿಷವೂ ಆಗಿರಲಿಲ್ಲ, ಅವಳು ಎರಡು ಮಾತಾಡಿದಳು. "ಅಪ್ಪಾ, ಇವರೆಲ್ಲ ಮುಖಕ್ಕೆ ಯಾಕೆ ಕಂದು ಬಣ್ಣ ಬಳ್ಕೊಂಡಿದಾರೆ?" ಆಮೇಲೆ, "ಆ ಗುಡ್ಡ ನೋಡು, ನಾವು ಶನಿವಾರ ನಡೆಯೋಕೆ ಹೋಗ್ತೀವಲ್ಲ, ಆ ಥರಾನೇ ಇದೆ."

ಇದ್ದೀತು, ಅದು ಅದೇ ಸೀಮೆ. ಹಾಲಿವುಡ್‌ನಿಂದ ಸುಮಾರು 40 ಮೈಲಿಯ ಶೆರ್ವುಡ್ ಸರೋವರದ ಬಳಿ ಆ ಕಾಡನ್ನು ಹುಟ್ಟಿಸಿದ್ದರಂತೆ. ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ಹದಿನೈದು ನಿಮಿಷ. ತಮಾಷೆಯೆಂದರೆ ಕಿಪ್ಲಿಂಗ್ ಆ ಕತೆಗಳನ್ನು ಬರೆದದ್ದೂ ಅಮೆರಿಕದಲ್ಲೇ, ಹಿಮ ಸುರಿಯುವ ವರ್ಮಾಂಟ್‌ನಲ್ಲಿ. ಪುಸ್ತಕವಾಗಿ ಬಂದದ್ದು 1894ರಲ್ಲಿ. ಹೀಗೆ ಮೌಗ್ಲಿಯ ಕಾಡು ಅಮೆರಿಕದಲ್ಲಿ ಎರಡು ಸಲ ಹುಟ್ಟಿತು. ಮಗಳು ಕೇಳಿದ ಕಂದು ಬಣ್ಣದ ಮಾತೂ ಸರಿಯೇ: ಬೇಟೆಗಾರ ಬುಲ್ದೆಯೋ ಮಾಲ್ಟಾದಲ್ಲಿ ಹುಟ್ಟಿದ ಜೋಸೆಫ್ ಕಲೀಯಾ, ಮೌಗ್ಲಿಯ ತಾಯಿ ಅಮೆರಿಕದ ರೋಸ್‌ಮೇರಿ ಡಿಕ್ಯಾಂಪ್. ಹೆಬ್ಬಾವು ರಬ್ಬರಿನದು, ಈಗ ನೋಡಿದರೆ ನೀರಿನ ಮೇಲೆ ಬಿಟ್ಟ ಗಾಳಿ ಟ್ಯೂಬಿನ ಹಾಗೆ ಅದು ತೇಲುತ್ತದೆ. ಒಂಬತ್ತು ವರ್ಷದ ನನಗೆ ಇದ್ಯಾವುದೂ ಕಂಡಿರಲಿಲ್ಲ ಎನ್ನುವುದಕ್ಕೆ ನಾಚಿಕೆಯಾಗಲಿಲ್ಲ, ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಇಷ್ಟೆಲ್ಲ ಬಣ್ಣ, ರಬ್ಬರಿನ ನಡುವೆ ಆ ಹುಡುಗನೊಬ್ಬ ಮಾತ್ರ ಬೇರೆ. ಬಾಗುವುದು, ಜಿಗಿಯುವುದು, ಪ್ರಾಣಿಯ ಮೈಮೇಲೆ ಕೈಯಿಡುವ ರೀತಿ, ಯಾವುದನ್ನೂ ಯಾರೂ ಕಲಿಸಿದಂತೆ ಕಾಣುವುದಿಲ್ಲ. ಆತ ಸಾಬು, ಹುಟ್ಟಿದ್ದು 1924ರ ಜನವರಿ 27ರಂದು, ಕಾರಾಪುರದಲ್ಲಿ. ಅಪ್ಪ ಮೈಸೂರು ಮಹಾರಾಜರ ಮಾವುತ. ಅಪ್ಪ ತೀರಿದ ಮೇಲೆ ಹುಡುಗ ಅರಮನೆಯ ಆನೆ ಲಾಯದಲ್ಲಿ ಬೆಳೆದ. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ 'ಎಲಿಫೆಂಟ್ ಬಾಯ್' ತೆಗೆಯಲು ಮೈಸೂರಿಗೆ ಬಂದಾಗ ಅವರ ತಂಡದ ಕಣ್ಣಿಗೆ ಬಿದ್ದ. ಅಲ್ಲಿಂದ ಲಂಡನ್, ಯುದ್ಧ ಶುರುವಾದ ಮೇಲೆ ಹಾಲಿವುಡ್. ಮೌಗ್ಲಿಯಾಗಿ ತೆರೆಗೆ ಬಂದಾಗ ಹದಿನೆಂಟು. 1944ರಲ್ಲಿ ಅಮೆರಿಕದ ಪೌರನಾದ, ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗುಂಡು ಹಾರಿಸಿ ಪದಕ ಪಡೆದ. ಯುದ್ಧ ಮುಗಿದ ಮೇಲೆ ಒಳ್ಳೆಯ ಪಾತ್ರಗಳು ವಿರಳವಾದವು. ಆನೆಯ ಮೇಲಿನ ಹುಡುಗನಿಗೆ ಮೀಸೆ ಬಂದರೆ ಹಾಲಿವುಡ್‌ಗೆ ಅವನಿಂದ ಏನು ಕೆಲಸ! 1963ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ಹೋದ, ಮೂವತ್ತೊಂಬತ್ತಕ್ಕೆ.

ಇಲ್ಲಿನ ನಮ್ಮ ಕನ್ನಡ ಸಂಘದ ಸಭೆಗಳಲ್ಲಿ ಈ ಸೀಮೆಗೆ ಮೊದಲು ಬಂದ ಕನ್ನಡನಾಡಿನವರು ಯಾರು ಎಂಬ ಚರ್ಚೆ ಬಂದಾಗೆಲ್ಲ ಡಾಕ್ಟರು, ಎಂಜಿನಿಯರುಗಳ ಹೆಸರು ಹೊರಡುತ್ತದೆ. ಆನೆ ಲಾಯದಿಂದ ಬಂದವನ ಹೆಸರನ್ನು ನಾನೂ ಒಮ್ಮೆಯೂ ಎತ್ತಿರಲಿಲ್ಲ.

ಮಾರನೆಯ ರಾತ್ರಿ 'ಎಲಿಫೆಂಟ್ ಬಾಯ್' ನೋಡಿದೆವು. ಕತೆ ಸಾಧಾರಣ, ಸ್ಟುಡಿಯೋದಲ್ಲಿ ತೆಗೆದ ಮಾತುಕತೆಗಳಂತೂ ಮರದ ಹಲಗೆ. ಆದರೆ ಆನೆಗಳು ಮೈಸೂರಿನವು, ಹೊರಾಂಗಣವೂ ನಮ್ಮ ಕಡೆಯದೇ. ಅದೇ ಸೀಮೆಯ ಕಾಕನಕೋಟೆಯಲ್ಲಿ ಕಾಡಾನೆಗಳನ್ನು ಸೆರೆಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟು ಬಂದು ಆ ಖೆಡ್ಡಾದ ಬಯಲು ಹಿನ್ನೀರಿಗೆ ಸೇರಿತು. ತಾತನ ಜೊತೆ ಟಾಕೀಸಿನಲ್ಲಿ ಕೂತಿದ್ದಾಗ ಅವರು ಗಾಡಿಯಲ್ಲಿ ಓಡಾಡಿದ ದಾರಿಗಳಲ್ಲಿ ಎಷ್ಟೋ ಆಗಲೇ ನೀರಿನಡಿ ಇದ್ದವು. ಅವರು ಹುಡುಗನ ಮಾತೆತ್ತಿದರು, ದಾರಿಯ ಮಾತೆತ್ತಲಿಲ್ಲ.

ಮೈಸೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. "ತಾತ ಹೇಳಿದ್ದು ನಿಜವಂತೆ ಅಮ್ಮ, ಅವನು ಕಾರಾಪುರದವನೇ."

"ಅದರಲ್ಲೇನೋ ವಿಶೇಷ? ಊರಿಗೆಲ್ಲ ಗೊತ್ತಿದ್ದದ್ದೇ," ಎಂದರು ಅಮ್ಮ. "ಬೆಲ್ಲ ಕೊಟ್ಟಿದ್ದು ಮಾತ್ರ ಸುಳ್ಳು. ನಿಮ್ಮ ತಾತ ಯಾರಿಗೂ ಬೆಲ್ಲ ಕೊಡೋ ಪೈಕಿ ಅಲ್ಲ. ಗಾಡಿಯಿಂದ ಕದ್ದು ತಾವೇ ತಿಂದಿರ್ತಾರೆ."