ಅಂಕ ಹಾಕುವ ಕೈ

ಉತ್ತರಪತ್ರಿಕೆಗೆ ಒಂದು ಅನುಕೂಲವಿದೆ. ಹೆಸರಿನ ಚೀಟಿ ಹರಿದು, ಕೋಡ್ ನಂಬರ್ ಹಾಕಿ, ಬೇರೆ ಊರಿನ ಮೇಷ್ಟ್ರ ಕೈಗೆ ಕೊಟ್ಟರೆ ಅದು ಯಾರ ಮಗನದು, ಯಾವ ಹಟ್ಟಿಯಿಂದ ಬಂದದ್ದು ಅಂತ ತಿಳಿಯೋದಿಲ್ಲ. ಪರೀಕ್ಷೆ ಎಂಬ ಈ ವ್ಯವಸ್ಥೆಯನ್ನು ನಾವು ಎಷ್ಟೇ ಬೈಯಲಿ, ಆ ನಂಬರಿನ ಮರೆಯಲ್ಲಿ ನಮ್ಮ ಎಷ್ಟೋ ಹುಡುಗ ಹುಡುಗಿಯರು ದಾಟಿ ಬಂದಿದ್ದಾರೆ. ಪ್ರಾಜೆಕ್ಟಿಗೆ ಈ ಮರೆ ಇಲ್ಲ. ಡಿಗ್ರಿಯ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿ ತಾನೇ ವಿಷಯ ಆರಿಸಿಕೊಂಡು, ತಾನೇ ಅಲೆದು, ತಾನೇ ಬರೆದು ತರುವ ಸಂಶೋಧನೆಯನ್ನು ಅಳೆಯುವವರು ತಿಂಗಳುಗಟ್ಟಲೆ ಅವನ ಮುಖ ನೋಡಿದ ಗೈಡ್ ಮಹಾಶಯರು. ಮುಖ ನೋಡದವರಿಗೂ ತಲೆಬರಹ ಸಾಕು. 'ನಮ್ಮ ಕೇರಿಯ ಕುಡಿಯುವ ನೀರು' ಎಂದು ರಟ್ಟಿನ ಮೇಲೆ ಬರೆದಿದ್ದರೆ ಬರೆದವರು ಯಾರೆಂದು ಹೇಳಲು ಜೋಯಿಸರು ಬೇಕಿಲ್ಲ.

ಹೀಗಿರುವಾಗ ನ್ಯಾಯವಾಗಿ ಅಂಕ ಹಾಕುವುದು ಎಂದರೇನು? ಇದು ಕಾಲೇಜಿನ ಆಫೀಸು ತೀರ್ಮಾನಿಸಿ ಮುಗಿಸುವ ವಿಷಯ ಅಂತ ಯಾರಾದರೂ ಅಂದುಕೊಂಡಿದ್ದರೆ, ೨೦೧೨ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಅವರ ಮುಂದೆ ಇಡುತ್ತೇನೆ. ರೆಮಾ ಹನ್ನಾ ಮತ್ತು ಲೀ ಲಿಂಡೆನ್ ಎಂಬ ಅರ್ಥಶಾಸ್ತ್ರಜ್ಞರು ನಮ್ಮದೇ ದೇಶದ ಶಾಲಾ ಮಕ್ಕಳ ಉತ್ತರಪತ್ರಿಕೆಗಳನ್ನು ಮೇಷ್ಟ್ರುಗಳಿಗೆ ಕೊಟ್ಟರು. ಮೇಲಿನ ಹಾಳೆಯಲ್ಲಿ ಜಾತಿ, ಲಿಂಗ, ವಯಸ್ಸುಗಳನ್ನು ಚೀಟಿ ಎತ್ತಿದ ಹಾಗೆ ಬರೆದಿದ್ದರು. ಬರೆದ ಮಗುವಿಗೂ ಆ ಜಾತಿಗೂ ಸಂಬಂಧವಿರಲಿಲ್ಲ. ಕೆಳಜಾತಿ ಎಂದು ನಮೂದಾದ ಪತ್ರಿಕೆಗಳಿಗೆ ಸ್ವಲ್ಪ ಕಡಿಮೆ ಅಂಕ ಬಿತ್ತು. ಸ್ವಲ್ಪವೇ, ಆದರೆ ಬಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾವು ಸುಲಭವಾಗಿ ಮೇಲ್ಜಾತಿಯವರನ್ನು ಬೈದು ಮನೆಗೆ ಹೋಗಬಹುದಿತ್ತು. ಆ ಅಧ್ಯಯನ ಕಂಡದ್ದು ಬೇರೆ. ಕಡಿಮೆ ಅಂಕ ಹಾಕಿದ ಕೈಗಳು ಮುಖ್ಯವಾಗಿ ಕೆಳಜಾತಿಯ ಮೇಷ್ಟ್ರುಗಳದೇ. ಇದನ್ನು ಓದಿದಾಗ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ, ಗೆಳೆಯರೇ. ನೂರಾರು ವರ್ಷ ನಮ್ಮ ತಲೆಗೆ ತುಂಬಿದ್ದನ್ನು ನಾವೇ ನಮ್ಮ ಮಕ್ಕಳ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಇಳಿಸುತ್ತಿದ್ದೇವೆಯೇ? 'ನಮ್ಮವರಿಗೆ ಹಾಕಿದ ಅಂತಾರೆ' ಎಂಬ ಭಯವೇ? ಎರಡೂ ಇರಬಹುದು. ಇನ್ನೊಂದು ಅಂಶ ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುತ್ತದೆ: ಈ ತಾರತಮ್ಯ ಕಟ್ಟಿನ ಮೊದಮೊದಲ ಪತ್ರಿಕೆಗಳಲ್ಲಿ ಹೆಚ್ಚಿತ್ತು, ಕೈ ಪಳಗುತ್ತ ಹೋದಂತೆ ಕಡಿಮೆಯಾಯಿತು. ಅಂದರೆ ಯಾವುದಕ್ಕೆ ಎಷ್ಟು ಎಂಬುದು ತಲೆಯಲ್ಲಿ ಇನ್ನೂ ಗಟ್ಟಿಯಾಗದಿದ್ದಾಗ ಆ ಖಾಲಿ ಜಾಗಕ್ಕೆ ಜಾತಿ ಬಂದು ಕೂರುತ್ತದೆ. ಶಾಲೆಯ ಲೆಕ್ಕಕ್ಕೇ ಹೀಗಾದರೆ, ಸರಿ ಉತ್ತರವೇ ಇಲ್ಲದ ಪ್ರಾಜೆಕ್ಟಿನ ಗತಿ ಏನು? ಅಲ್ಲಿ ಜಾಗವೆಲ್ಲ ಖಾಲಿಯೇ.

ಮೌಖಿಕ ಪರೀಕ್ಷೆಯ ಕಥೆ ಹೊಸದಲ್ಲ. ದೆಹಲಿಯ ಏಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳ ಸ್ಥಿತಿಯನ್ನು ವಿಚಾರಿಸಿ ಸುಖದೇವ ಥೋರಟ್ ಸಮಿತಿ ೨೦೦೭ರಲ್ಲಿ ವರದಿ ಕೊಟ್ಟಿತು. ಸಮಿತಿ ಮಾತಾಡಿಸಿದ ಆ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಪ್ರಾಯೋಗಿಕ, ಮೌಖಿಕ ಪರೀಕ್ಷೆಗಳಲ್ಲಿ ತಮಗೆ ನ್ಯಾಯ ಸಿಗಲಿಲ್ಲ ಎಂದಿದ್ದರು. ದೇಶದ ಅತ್ಯಂತ ಬುದ್ಧಿವಂತರು ಕೂತ ಜಾಗ ಅದು. ನಮ್ಮ ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜು ಅದಕ್ಕಿಂತ ಮೇಲು ಅಂತ ನಂಬಲು ನನಗೆ ಕಾರಣ ಸಿಕ್ಕಿಲ್ಲ.

ಇನ್ನು ಈ 'ವಸ್ತುನಿಷ್ಠತೆ' ಎಂಬ ಮಾತಿಗೆ ಬರೋಣ. ಕೇರಿಯ ಹುಡುಗಿ ಕೇರಿಯ ಬಗ್ಗೆ ಬರೆದರೆ, 'ಇದು ನಿನ್ನ ಅನುಭವ ಕಣಮ್ಮ, ಸಂಶೋಧನೆ ಅಲ್ಲ' ಎನ್ನುತ್ತಾರೆ. ಅಗ್ರಹಾರದ ಹುಡುಗ ತನ್ನ ತಾತ ಪೂಜೆ ಮಾಡಿದ ಗುಡಿಯ ಬಗ್ಗೆ ಬರೆದರೆ, 'ಒಳಗಿನ ತಿಳಿವಳಿಕೆ ಎಷ್ಟು ಆಳವಾಗಿದೆ!' ಎನ್ನುತ್ತಾರೆ. ಒಬ್ಬರಿಗೆ ಹುಟ್ಟು ಕಳಂಕ, ಇನ್ನೊಬ್ಬರಿಗೆ ಅದೇ ಅರ್ಹತೆ. ಬಾಬಾಸಾಹೇಬರು ೧೯೧೬ರ ಮೇ ೯ರಂದು ಕೊಲಂಬಿಯಾದಲ್ಲಿ ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿದಾಗ ಅವರೂ ವಿದ್ಯಾರ್ಥಿಯೇ. ಜಾತಿಯ ಏಟು ತಿಂದವರು ಜಾತಿಯ ಹುಟ್ಟನ್ನು ತರ್ಕದಿಂದ ಬಿಡಿಸಿ ಇಟ್ಟರು. ಅಲ್ಲಿ ಅನುಭವ ಸಾಕ್ಷ್ಯವನ್ನು ತಳ್ಳಿ ಕೂರಲಿಲ್ಲ, ಎಲ್ಲಿ ಹುಡುಕಬೇಕು ಅಂತ ತೋರಿಸಿತು. ಮುಂದೆ ೧೯೨೩ರಲ್ಲಿ ಲಂಡನ್ನಿನ ಅವರ ಪ್ರಬಂಧ, ರೂಪಾಯಿಯ ಸಮಸ್ಯೆಯನ್ನು ಕುರಿತದ್ದು, ಪುಸ್ತಕವಾಯಿತು. ಗುರು ಎಡ್ವಿನ್ ಕ್ಯಾನನ್ ಅದಕ್ಕೆ ಮುನ್ನುಡಿ ಬರೆದರು. ಶಿಷ್ಯನ ವಾದಗಳಲ್ಲಿ ಬಹಳಷ್ಟನ್ನು ತಾನು ಒಪ್ಪುವುದಿಲ್ಲ ಎಂದು ಆ ಮುನ್ನುಡಿಯಲ್ಲೇ ಹೇಳಿದರು. ಒಪ್ಪದ ಕಡೆಯಲ್ಲೂ ಯೋಚನೆಯ ಹೊಸತನವನ್ನು ಮೆಚ್ಚಿದರು. ತೀರ್ಮಾನ ಹಿಡಿಸಲಿಲ್ಲ, ಆದರೂ ಕೆಲಸ ಗಟ್ಟಿಯಿದೆ ಅಂತ ಹೇಳುವ ಎದೆ ನಮ್ಮ ಎಷ್ಟು ಗೈಡುಗಳಿಗಿದೆ?

ಒಳ್ಳೆಯ ಮನಸ್ಸಿನ ಮೇಷ್ಟ್ರುಗಳೂ ಇದ್ದಾರೆ, ಇಲ್ಲ ಅನ್ನೋಕಾಗಲ್ಲ. ಅವರದು ಇನ್ನೊಂದು ರೋಗ. 'ಪಾಪ, ಕಷ್ಟದಿಂದ ಬಂದವನು, ಒಂದೈದು ಹೆಚ್ಚಿಗೆ ಹಾಕೋಣ.' ಸ್ವಾಮಿ, ಈ ಐದು ಅಂಕಕ್ಕೂ ಜಗಲಿಯ ಮೇಲಿಂದ ಚಿಪ್ಪಿಗೆ ಹುಯ್ದ ಕಾಫಿಗೂ ಏನು ವ್ಯತ್ಯಾಸ? ಕೇರಿಯಲ್ಲಿ ನೀರು ಬರಲ್ಲ ಅಂತ ಕೋಪದಿಂದ ನಲವತ್ತು ಪುಟ ಬರೆದು, ಒಂದು ಮನೆಯ ನಲ್ಲಿಯನ್ನೂ ತಿರುಗಿಸಿ ನೋಡದೆ ಬಂದವನ ಕೆಲಸ ಸೋತ ಕೆಲಸ. ಕೋಪ ನಿಜ, ಆದರೆ ಎಣಿಕೆ ಬೇರೆ. ಅವನನ್ನು ಕೂರಿಸಿಕೊಂಡು, ಎಲ್ಲಿ ಸೋತೆ ಎಂದು ಹೇಳಿ, ಸೋತ ಅಂಕವನ್ನೇ ಕೊಡುವುದು ಅವನನ್ನು ಮನುಷ್ಯನೆಂದು ಎಣಿಸಿದ ಹಾಗೆ. ಅಳತೆಗೋಲು ಎಲ್ಲರಿಗೂ ಒಂದೇ ಇರಲಿ ಎಂದು ನಾನು ಹೇಳುತ್ತೇನೆ. ನಮ್ಮಲ್ಲೇ ಕೆಲವರು ಇದನ್ನು ಒಪ್ಪುವುದಿಲ್ಲ. ಓಟ ಶುರುವಾದ ಗೆರೆಯೇ ಬೇರೆ ಇದ್ದಾಗ ಒಂದೇ ಗೋಲು ಹೇಗೆ ನ್ಯಾಯ ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಗೆರೆಯನ್ನು ಸರಿಮಾಡಬೇಕಾದ ಹೊತ್ತು ಅಂಕ ಹಾಕುವ ದಿನವಲ್ಲ. ವಿಷಯ ಆರಿಸುವ ದಿನದಿಂದಲೇ ಆ ಕೆಲಸ ಶುರುವಾಗಬೇಕು. ಮನೆಯಲ್ಲಿ ಓದಿದವರಿಲ್ಲದ, ಬಸ್ಸಿನ ಕಾಸಿಗೂ ಲೆಕ್ಕ ಹಾಕುವ ವಿದ್ಯಾರ್ಥಿಗೆ ಗೈಡ್ ಹೆಚ್ಚು ಹೊತ್ತು ಕೊಡಬೇಕು. ಗ್ರಂಥಾಲಯದ ಬಾಗಿಲು ತೆರೆಸಿಕೊಡಬೇಕು. ಅದನ್ನು ಮಾಡದೆ ನಾಲ್ಕು ತಿಂಗಳು ಸುಮ್ಮನಿದ್ದು ಕೊನೆಗೆ ಐದು ಅಂಕ ಎಸೆಯುವುದು ಅಗ್ಗದ ಪುಣ್ಯ.

ಮತ್ತೆ, ಅದೇ ಗೋಲಿನಿಂದ ಏನನ್ನು ಅಳೆಯುತ್ತಿದ್ದೇವೆ ಅಂತಲೂ ನೋಡಬೇಕು. ಬೈಂಡಿಂಗಿನ ಚಿನ್ನದ ಅಕ್ಷರ, ಇಂಗ್ಲಿಷಿನ ನುಣುಪು, ಕೊನೆಯ ಪುಟದಲ್ಲಿ ಓದದ ಪುಸ್ತಕಗಳ ಮೆರವಣಿಗೆ, ಇವು ಕಾಸಿದ್ದವನ ಗುರುತು. ಪ್ರಶ್ನೆ ಸ್ಪಷ್ಟವಾಗಿದೆಯೇ, ಸಾಕ್ಷ್ಯವನ್ನು ತಾನೇ ಹುಡುಕಿದ್ದಾನೆಯೇ, ತನ್ನ ಮಾತಿಗೆ ಎದುರಾಗಿ ಸಿಕ್ಕಿದ್ದನ್ನು ಮುಚ್ಚಿಟ್ಟಿಲ್ಲವೇ, ಎಲ್ಲಿಯವರೆಗೆ ಹೇಳಬಹುದು ಎಲ್ಲಿ ನಿಲ್ಲಬೇಕು ಎಂಬ ಎಚ್ಚರ ಇದೆಯೇ, ಇವನ್ನು ಕನ್ನಡದಲ್ಲಿ, ಕೈಬರಹದಲ್ಲಿ, ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಬರೆದರೂ ನೋಡಬಹುದು.

ಪ್ರಾಜೆಕ್ಟನ್ನು ಅಂಗಡಿಯಲ್ಲಿ ಮಾರುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಈಗ ಚಾಟ್‌ಜಿಪಿಟಿಯಂಥ ಯಂತ್ರಗಳು ಬಂದು ಅಂಗಡಿಯ ಖರ್ಚನ್ನೂ ಉಳಿಸಿವೆ. ಹಾಗಾಗಿ 'ಬರವಣಿಗೆಯನ್ನು ನಂಬೋ ಹಾಗಿಲ್ಲ, ವೈವಾಗೇ ಹೆಚ್ಚು ಅಂಕ ಇಡೋಣ' ಎಂಬ ಮಾತು ಹುಟ್ಟಿಕೊಂಡಿದೆ. ನನಗೆ ಇದರಲ್ಲಿ ಅಪಾಯ ಕಾಣುತ್ತದೆ. ಮುಖ, ಹೆಸರು, ಉಚ್ಚಾರಣೆ, ಕುರ್ಚಿಯಲ್ಲಿ ಕೂರುವ ಧೈರ್ಯ ಇವೆಲ್ಲ ತೂಕಕ್ಕೆ ಬೀಳುವುದು ಆ ಕೋಣೆಯಲ್ಲೇ. ಕಳ್ಳನನ್ನು ಹಿಡಿಯುವ ಬಲೆಗೆ ಹಳ್ಳಿಯ ಹುಡುಗಿಯ ನಾಲಿಗೆ ಸಿಕ್ಕಿಬೀಳುತ್ತದೆ. ಕೆಲಸದ ಡೈರಿಯನ್ನು ಕೇಳಿ. ಯಾವ ದಿನ ಯಾರ ಮನೆಗೆ ಹೋದೆ, ಯಾರು ಬಾಗಿಲು ಹಾಕಿಕೊಂಡರು, ಯಾವ ಲೆಕ್ಕ ತಪ್ಪಿತು, ಪ್ರಶ್ನೆಯನ್ನು ಯಾಕೆ ಬದಲಾಯಿಸಿದೆ. ವಾರಕ್ಕೊಮ್ಮೆ ಗೈಡ್ ಅದಕ್ಕೆ ಸಹಿ ಹಾಕಲಿ. ವೈವಾದಲ್ಲಿ ಆ ಡೈರಿಯ ಪುಟ ತೆರೆದು, ಅವಳ ಭಾಷೆಯಲ್ಲೇ ಪ್ರಶ್ನೆ ಕೇಳಲಿ. ಕೊಂಡು ತಂದವನು ಅಲ್ಲಿ ತಡವರಿಸುತ್ತಾನೆ, ನಡೆದು ತಂದವಳು ಮಾತಾಡುತ್ತಾಳೆ.

ಸಂಶೋಧನೆಯ ಬಾಗಿಲಲ್ಲೇ ಕಾವಲು ಇರುವುದನ್ನೂ ಹೇಳಬೇಕು. ಯುಜಿಸಿ ೨೦೨೨ರ ಡಿಸೆಂಬರಿನಲ್ಲಿ ಹೊರಡಿಸಿದ ನಾಲ್ಕು ವರ್ಷದ ಡಿಗ್ರಿಯ ಚೌಕಟ್ಟಿನಲ್ಲಿ, ಮೊದಲ ಆರು ಸೆಮಿಸ್ಟರಿನಲ್ಲಿ ನೂರಕ್ಕೆ ೭೫ ತೆಗೆದವರಿಗೆ ಮಾತ್ರ ೧೨ ಕ್ರೆಡಿಟ್ಟಿನ ಸಂಶೋಧನೆಯ ದಾರಿ. ಉರು ಹೊಡೆದದ್ದನ್ನು ಅಳೆದು ಹುಡುಕುವ ಶಕ್ತಿಯನ್ನು ನಿರ್ಧರಿಸುವ ಜಾಣತನವಿದು. ಕರ್ನಾಟಕ ೨೦೨೪-೨೫ರಿಂದ ಮೂರು ವರ್ಷದ ಡಿಗ್ರಿಗೆ ಮರಳಿತು. ಮೂರು ವರ್ಷದೊಳಗಿನ ಪ್ರಾಜೆಕ್ಟುಗಳ ಅಂಕದ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ.

ನಾವು ಕೇಳಬೇಕಾದ್ದು ದೊಡ್ಡದೇನಲ್ಲ. ಗೈಡ್ ಒಬ್ಬರೇ ಅಂಕ ಹಾಕಬಾರದು. ಇಬ್ಬರು ಬೇರೆ ಬೇರೆ ಕೂತು, ಪರಸ್ಪರ ಮಾತಾಡುವ ಮೊದಲೇ ಅಂಕ ಬರೆಯಬೇಕು. ಹಾಕುವ ಮುಂಚೆ ಹಳೆಯ ನಾಲ್ಕು ಪ್ರಾಜೆಕ್ಟುಗಳನ್ನು ಒಟ್ಟಿಗೆ ಓದಿ ಯಾವುದಕ್ಕೆ ಎಷ್ಟು ಎಂದು ಜಗಳವಾಡಿ ಗಟ್ಟಿ ಮಾಡಿಕೊಳ್ಳಬೇಕು; ಮೊದಲ ಪತ್ರಿಕೆಗೆ ಕೈ ಪಳಗಲು ನಮ್ಮ ಮಕ್ಕಳೇ ಬಲಿಯಾಗುವುದು ಬೇಡ. ಆ ಅಳತೆಯನ್ನು ವಿಷಯ ಆರಿಸುವ ಮೊದಲೇ ಕನ್ನಡದಲ್ಲಿ ಬರೆದು ನೋಟೀಸು ಬೋರ್ಡಿಗೆ ಹಚ್ಚಬೇಕು. ಕೊನೆಗೆ, ಅಂಕದ ಜೊತೆ ಕಾರಣವನ್ನೂ ನಾಲ್ಕು ಸಾಲು ಬರೆದು ಕೊಡಬೇಕು. ಮೂರು ತಿಂಗಳು ಮನೆಮನೆ ಸುತ್ತಿದ ಹುಡುಗಿ ೫೦ಕ್ಕೆ ೩೧ ಯಾಕೆ ಬಂತು ಅಂತ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದರೆ, ರಿಜಿಸ್ಟರ್ ತೆಗೆದು ಓದಿ ಹೇಳುವಷ್ಟಾದರೂ ಅದರಲ್ಲಿ ಬರೆದಿರಲಿ.