ಪಟ್ಟಣದಲ್ಲಿ ನೆರೆಹೊರೆಯನ್ನು ಆರಿಸಿಕೊಳ್ಳುವ ವಿಷಯ

ಹಳ್ಳಿಯಲ್ಲಿ ಹುಟ್ಟಿದವನು ತನ್ನ ನೆರೆಹೊರೆಯನ್ನು ತಾನೇ ಆರಿಸಿಕೊಂಡವನಲ್ಲ. ಅವನ ತಾತನು ಯಾವ ಕೇರಿಯಲ್ಲಿ ಮನೆ ಕಟ್ಟಿದ್ದನೋ ಆ ಕೇರಿಯೇ ಅವನ ಪಾಲಿಗೆ ಬಂದಿತು. ಯಾರ ಜಗಲಿಯ ಮೇಲೆ ಕೂಡಬಹುದು, ಯಾರ ಬಾವಿಯಲ್ಲಿ ಸೇದಬಹುದು ಎಂಬದೆಲ್ಲಾ ಅವನು ಹುಟ್ಟುವದಕ್ಕೆ ಮುಂಚೆಯೇ ಗೊತ್ತಾಗಿತ್ತು. ಆದರೆ ಊರು ಬಿಟ್ಟು ಮೈಸೂರಿಗೆ ಹೋಗಿ ನೆಲೆಸಬೇಕಾದವನಿಗೆ, ಒಂದು ಸಾರಿಯಾದರೂ, ಯಾರ ಮಗ್ಗುಲಲ್ಲಿ ಮನೆ ಮಾಡಲಿ ಎಂಬ ಪ್ರಶ್ನೆಯು ಎದುರಾಗುವದು. ನಮ್ಮ ವಾಚಕರಲ್ಲಿ ಅನೇಕರು ಇದನ್ನು ಬಾಡಿಗೆಯ ಲೆಕ್ಕವೆಂದು ಮಾತ್ರ ಎಣಿಸುತ್ತಾರೆ. ಇದರಲ್ಲಿ ನ್ಯಾಯಾನ್ಯಾಯಗಳ ವಿಚಾರವೂ ಅಡಗಿದೆಯೆಂದು ನಮಗೆ ತೋರುವದರಿಂದ ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಮೊದಲು ಲೆಕ್ಕದ ಮಾತನ್ನೇ ಮುಗಿಸೋಣ. ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿಗಳ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕಿದವನು ಬಾಡಿಗೆ ಅಗ್ಗವೆಂದು ಶ್ರೀರಾಂಪುರದ ಆಚೆ ಮನೆ ಹಿಡಿದರೆ, ದಿನಕ್ಕೆರಡಾವರ್ತಿ ಇಡೀ ನಗರವನ್ನು ದಾಟಬೇಕಾಗುವದು. ಮೈಸೂರು ಈಗ ಅರಮನೆಯ ಸುತ್ತಲಿನ ಊರಲ್ಲ. ಅದನ್ನು ಬಳಸಿರುವ ವರ್ತುಲ ರಸ್ತೆಯೇ ಸುಮಾರು 42 ಕಿಲೋಮೀಟರು ಉದ್ದವಾಗಿದೆ. ಭೋಗ್ಯಕ್ಕೆ ಮನೆ ಹಿಡಿಯುವವರು, ಅಂದರೆ ದೊಡ್ಡ ಮೊತ್ತವನ್ನು ಒಂದೇ ಸಾರಿ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವವರು, ಆ ಮನೆಯು ಮೊದಲೇ ಬ್ಯಾಂಕಿಗೆ ಅಡವಾಗಿದೆಯೋ ಎಂದು ವಿಚಾರಿಸಿ ಪತ್ರವನ್ನು ನೋಂದಾಯಿಸಿಕೊಳ್ಳಲಿ. ನೀರಿನ ಸಂಗತಿಯನ್ನು ಮಾಲೀಕನನ್ನು ಕೇಳಬಾರದು. ಮೂರನೆಯ ಮನೆಯ ಹೆಂಗಸನ್ನು ಕೇಳಬೇಕು. ನೀರನ್ನು ಮಾತ್ರ ನೋಡಿ ನೆಲೆಯನ್ನಾರಿಸಿದ ಲೋಟನ ಕಥೆಯನ್ನು ನಮ್ಮ ವಾಚಕರು ಬಲ್ಲರು. ನೀರನ್ನು ನೋಡದೆಯೇ ಆರಿಸಿ ಟ್ಯಾಂಕರಿನ ಹಾದಿ ಕಾಯುವವರ ಕಥೆಯನ್ನು ಹೊರಬಡಾವಣೆಗಳಲ್ಲಿ ಕೇಳಬಹುದು.

ಇಷ್ಟೆಲ್ಲಾ ಸರಿಹೋದ ಮೇಲೆಯೂ ಒಂದು ಪ್ರಶ್ನೆಯು ಬಾಗಿಲಲ್ಲಿ ಕಾದಿರುವದು. ಅದು ಬಾಡಿಗೆಗೆ ಬರುವವನು ಕೇಳುವದಲ್ಲ, ಅವನನ್ನು ಕೇಳುವದು: "ನೀವು ಯಾವ ಜನ?"

ನಂಜನಗೂಡಿನ ಕಡೆಯ ಒಂದು ಹಳ್ಳಿಯ ಯುವಕನಿಗೆ ಕಾರ್ಖಾನೆಯಲ್ಲಿ ಕೆಲಸವಾಯಿತು. ಅವನಿಗೂ ಅವನ ಹೆಂಡತಿಗೂ ತಾಯಿಗೂ ಒಂದು ಮನೆ ಹುಡುಕುವದಕ್ಕೆ ಮೂರು ಶನಿವಾರ ನಾವೂ ಜೊತೆಯಲ್ಲಿ ತಿರುಗಿದೆವು. ಎರಡನೆಯ ಶನಿವಾರ ಒಂದು ಒಳ್ಳೇ ಮನೆ ಕಂಡಿತು: ಎರಡು ಕೋಣೆ, ಗಾಳಿ ಬೆಳಕು, ಹಿತ್ತಿಲಲ್ಲಿ ತೆಂಗಿನ ಮರ. ಮಾಲೀಕನು ವೃದ್ಧನು, ಸಭ್ಯನು. ನಮ್ಮನ್ನು ಕೂಡ್ರಿಸಿ ನೀರು ತರಿಸಿ ಕೊಟ್ಟನು. ತರುವಾಯ ಆ ಪ್ರಶ್ನೆಯನ್ನು ಕೇಳಿ, ತನ್ನ ಮಗನೊಡನೆ ಮಾತಾಡಿ ಬರುತ್ತೇನೆಂದು ಒಳಗೆ ಹೋದನು. ಆಗ ದಲ್ಲಾಳಿಯು ಮೆಲ್ಲಗೆ, "ಮಾಂಸ ಮುಟ್ಟುವದಿಲ್ಲ ಅಂದುಬಿಡಿ ಸ್ವಾಮಿ. ಹೆಸರನ್ನೂ ಪೂರ್ತಿ ಹೇಳಬೇಕಾಗಿಲ್ಲ, ಮೊದಲನೇ ಅರ್ಧ ಸಾಕು" ಎಂದನು. ಯುವಕನು ನಮ್ಮ ಮುಖವನ್ನು ನೋಡಿದನು. ನಾವು ಕೂಡಲೇ ಏನೂ ಹೇಳಲಿಲ್ಲವೆಂಬದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಬಿಸಿಲಿನಲ್ಲಿ ತಿರುಗಿ ದಣಿದಿದ್ದೆವು, ಮನೆಯೂ ಚೆನ್ನಾಗಿತ್ತು. ಮಾತಾಡಿದವಳು ತಾಯಿಯೇ. "ದುಡ್ಡು ಕೊಡ್ತೀವಿ, ಸರಿ. ನಿನ್ನ ಹೆಸರನ್ನೂ ಯಾಕೆ ಅಡ ಇಡ್ತೀಯಪ್ಪಾ?" ಎಂದು ಹೇಳಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ಆ ವೃದ್ಧನು ಅನ್ಯಾಯ ಮಾಡಿದನೋ? ತಾನು ವಾಸಿಸುವ ಮನೆಯ ಅರ್ಧವನ್ನು ಕೊಡುವವನು, ಒಂದೇ ಗೋಡೆ ಒಂದೇ ಅಂಗಳವಿರುವಾಗ, ಅಡಿಗೆಯ ವಿಷಯದಲ್ಲಿ ತನ್ನ ಮನಸ್ಸಿಗೆ ಹಿಡಿಸುವದನ್ನು ಕೇಳಿಕೊಂಡರೆ ಅದನ್ನು ನಾವು ದೊಡ್ಡ ತಪ್ಪೆನ್ನಲಾರೆವು. ಆದರೆ ಏನನ್ನು ಬೇಯಿಸುವಿರಿ ಎಂದು ಕೇಳುವದು ಬೇರೆ, ಯಾರ ಹೊಟ್ಟೆಯಲ್ಲಿ ಹುಟ್ಟಿದಿರಿ ಎಂದು ಕೇಳುವದು ಬೇರೆ. ಮೊದಲನೆಯದನ್ನು ಮಾತುಕತೆಯಿಂದ ಸರಿಮಾಡಿಕೊಳ್ಳಬಹುದು; ಎರಡನೆಯದಕ್ಕೆ ಬಾಡಿಗೆಗೆ ಬಂದವನು ಮಾಡತಕ್ಕದ್ದೇನೂ ಇಲ್ಲ. ಹತ್ತು ಮನೆ ಕಟ್ಟಿಸಿ ಒಂದರಲ್ಲಿಯೂ ವಾಸಿಸದವನು ಹೀಗೆ ಕೇಳುವದಕ್ಕೆ ಅಡಿಗೆಯ ನೆವವೂ ಇಲ್ಲ.

ನ್ಯಾಯಸ್ಥಾನಗಳೂ ಈ ವಿಷಯದಲ್ಲಿ ಒಂದೇ ಬಗೆಯಾಗಿ ಮಾತಾಡಿಲ್ಲ. ಅಮೇರಿಕದಲ್ಲಿ ಬಿಳಿಯರಲ್ಲದವರಿಗೆ ಮನೆ ಕೊಡಕೂಡದೆಂಬ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೆ ತರಕೂಡದೆಂದು ಅಲ್ಲಿಯ ಶ್ರೇಷ್ಠ ನ್ಯಾಯಸ್ಥಾನವು 1948ರಲ್ಲಿ ತೀರ್ಪು ಮಾಡಿತು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ, ಅಹಮದಾಬಾದಿನ ಪಾರ್ಸಿಯವರ ಗೃಹನಿರ್ಮಾಣ ಸಂಘವು ತನ್ನ ಸದಸ್ಯತ್ವವನ್ನು ಪಾರ್ಸಿಯವರಿಗೇ ಇಟ್ಟುಕೊಳ್ಳಬಹುದೆಂದು ಹೇಳಿತು. ಒಂದು ಚಿಕ್ಕ ಸಮಾಜವು ಒಟ್ಟಾಗಿ ಬಾಳಲಿಚ್ಛಿಸುವದಕ್ಕೂ, ದೊಡ್ಡದೊಂದು ಸಮಾಜವು ಬೇರೆಯವರನ್ನು ಹೊರಗಿಡುವದಕ್ಕೂ ಭೇದವುಂಟು. ಆದರೆ ಬಾಗಿಲಿಂದ ಹಿಂದಿರುಗುವವನ ಕಾಲಿಗೆ ಆ ಭೇದವು ತಿಳಿಯದು.

ಮೈಸೂರಿನ ಬೀದಿಗಳು ಈ ಕಥೆಯನ್ನು ತಮ್ಮ ಹೆಸರುಗಳಲ್ಲಿಯೇ ಹೇಳುತ್ತವೆ. ಅಗ್ರಹಾರಗಳು, ಕುಂಬಾರಗೇರಿ, ಸುಣ್ಣದಕೇರಿ, ಎಲ್ಲವೂ ಹುಟ್ಟಿನಿಂದಲೂ ಕಸುಬಿನಿಂದಲೂ ಹಂಚಿಕೊಂಡ ನೆಲವೇ. 1898ರ ಸುಮಾರಿಗೆ ಪ್ಲೇಗು ಬಂದಾಗ ಅದು ಯಾವ ಕೇರಿಯ ಗಡಿಯನ್ನೂ ಲಕ್ಷಿಸಲಿಲ್ಲ. 1891ರಲ್ಲಿ ಸುಮಾರು 74 ಸಾವಿರವಿದ್ದ ನಗರದ ಜನಸಂಖ್ಯೆಯು 1901ರಲ್ಲಿ 68 ಸಾವಿರಕ್ಕಿಳಿದಿತ್ತು. ಇಕ್ಕಟ್ಟಾದ ಗಲ್ಲಿಗಳನ್ನು ಒಡೆದು ಹೊಸ ಬಡಾವಣೆಗಳನ್ನು ಮಾಡುವದಕ್ಕೆ 1903ರಲ್ಲಿ ನಗರಾಭಿವೃದ್ಧಿ ಮಂಡಲಿಯು ಏರ್ಪಟ್ಟಿತು. ರಸ್ತೆ ಅಗಲವಾಯಿತು, ಮೋರಿ ನೆಟ್ಟಗಾಯಿತು. 2011ರ ಗಣತಿಯ ವೇಳೆಗೆ ನಗರದ ಜನರು ಸುಮಾರು 9 ಲಕ್ಷವಾಗಿದ್ದರು. ಮೋರಿಯನ್ನು ನೆಟ್ಟಗೆ ಮಾಡಿದ ಹಾಗೆ ಬಾಗಿಲ ಪ್ರಶ್ನೆಯನ್ನು ನೆಟ್ಟಗೆ ಮಾಡುವ ಮಂಡಲಿಯು ಯಾವ ಕಾಲದಲ್ಲಿಯೂ ಹುಟ್ಟಲಿಲ್ಲ.

ಹೀಗೆ ತಿರಸ್ಕಾರ ಹೊಂದಿದವರಿಗೆ ನಮ್ಮ ಹಿರಿಯರು ಕೊಡುವ ಬುದ್ಧಿಯು ಒಂದೇ: ನಮ್ಮವರಿರುವ ಬೀದಿಗೆ ಹೋಗಿರಿ. ಇದನ್ನು ನಾವು ಹಗುರಾಗಿ ತಳ್ಳುವದಿಲ್ಲ. ವಯಸ್ಸಾದ ತಾಯಿಗೆ ಹಗಲೆಲ್ಲಾ ಮಾತಿಗೆ ಜನ ಬೇಕು. ನಡುರಾತ್ರಿಯಲ್ಲಿ ಹೆರಿಗೆಯ ನೋವು ಬಂದರೆ, ಮನೆಯಲ್ಲಿ ಸಾವಾದರೆ, ಕರೆದಾಕ್ಷಣ ಬರುವವರು ಬೇಕು. ಗಲಭೆಯ ಭಯವಿರುವ ಊರಿನಲ್ಲಿ ಕಡಮೆ ಸಂಖ್ಯೆಯವರು ಒತ್ತಾಗಿ ಸೇರಿಕೊಂಡರೆ, ಭಯವಿಲ್ಲದ ಬೀದಿಯಲ್ಲಿ ಕುಳಿತು ಅವರನ್ನು ಗದರಿಸುವದು ನಮಗೆ ತಕ್ಕದ್ದಲ್ಲ. ಆದರೂ ಆ ಬೀದಿಯಲ್ಲಿ ಬೆಳೆಯುವ ಹುಡುಗನು ಬೇರೆಯವನ ಹಬ್ಬವನ್ನು ಸದ್ದಿನಿಂದ ಮಾತ್ರ ಬಲ್ಲನು, ಬೇರೆಯವನ ದುಃಖವನ್ನು ಅಷ್ಟೂ ಅರಿಯನು. ಅವನ ತಾತನು ಬಿಟ್ಟುಬಂದ ಕೇರಿಯನ್ನೇ ಅವನ ತಂದೆಯು ಬಾಡಿಗೆ ಕೊಟ್ಟು ಕೊಂಡುಕೊಂಡ ಹಾಗಾಯಿತು.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆವು. ಆ ಎರಡನೆಯ ಶನಿವಾರ ಸಾಯಂಕಾಲ ನಾವು ನಮ್ಮವರೇ ಆದ ಒಬ್ಬ ಗೃಹಸ್ಥರ ಬಳಿಗೆ ಹೋದೆವು. ಅವರಿಗೆ ಎರಡು ಮನೆಗಳಿದ್ದು ಒಂದು ಖಾಲಿಯಾಗಿತ್ತು. ಅವರು ಕಾಫಿ ಕೊಟ್ಟರು, ಊರು ಕೇಳಿದರು, ಊರಿನಲ್ಲಿ ಯಾವ ಕೇರಿಯೆಂದು ಕೇಳಿದರು. ಕೇರಿಯ ಹೆಸರನ್ನು ಕೇಳಿದ ಮೇಲೆ ಆ ಮನೆಯನ್ನು ಬೇರೆ ಯಾರಿಗೋ ಮಾತು ಕೊಟ್ಟಿದ್ದೇವೆಂಬದು ಅವರಿಗೆ ನೆನಪಾಯಿತು. ಹಾದಿಯಲ್ಲಿ ತಾಯಿಯಾಗಲಿ ಮಗನಾಗಲಿ ಏನೂ ಆಡಲಿಲ್ಲ. ವೃದ್ಧನ ಮನೆಯಿಂದ ಹೊರಟಾಗ ಅವರಿಗೆ ಸಿಟ್ಟಾದರೂ ಇತ್ತು.

ಆದಕಾರಣ ಊರಿಂದ ಬರುವವರಿಗೆ ನಾವು ಹೇಳುವದು ಇಷ್ಟೇ. ಕೆಲಸಕ್ಕೆ ಹತ್ತಿರವೂ ನೀರಿರುವದೂ ಆದ ಬೀದಿಯನ್ನು ನೋಡಿರಿ. ಅದರಲ್ಲಿ ನಾನಾ ಜನರಿದ್ದರೆ ಅದನ್ನು ಕೊರತೆಯೆಂದು ಎಣಿಸಬೇಡಿರಿ. ಹೆಸರನ್ನು ಪೂರ್ತಿ ಹೇಳಿರಿ. ಇದರಿಂದ ಕೆಲವು ಮನೆಗಳು ತಪ್ಪುವವು. ತಿರುಗಾಟವೂ ಖರ್ಚೂ ಹೆಚ್ಚುವವು. ಇದನ್ನು ಮರೆಮಾಡಿ ಬುದ್ಧಿ ಹೇಳುವದು ಸರಿಯಲ್ಲ. ಸ್ವಂತ ಮನೆಯುಳ್ಳ ನಮ್ಮವರಾದರೋ, ಬಾಗಿಲಿಗೆ ಬಂದವನನ್ನು ಕೇಳುವದಕ್ಕೆ ಮುಂಚೆ ತಮ್ಮನ್ನು ಯಾರು ಎಲ್ಲಿ ಏನು ಕೇಳಿದ್ದರೆಂಬದನ್ನು ನೆನಸಿಕೊಳ್ಳಲಿ.

ಮೂರನೆಯ ಶನಿವಾರ ಮಂಡಿ ಮೊಹಲ್ಲದ ಒಂದು ಹಳೆಯ ವಠಾರದಲ್ಲಿ ಮನೆ ಸಿಕ್ಕಿತು. ಒಂದೇ ಕೋಣೆ, ತೆಂಗಿನ ಮರವಿಲ್ಲ, ಬಾಡಿಗೆಯೂ ಮೊದಲಿನದಕ್ಕಿಂತ ಹೆಚ್ಚು. ಒಂದು ಪಕ್ಕದಲ್ಲಿ ಮುಸಲ್ಮಾನ ದರ್ಜಿಯ ಸಂಸಾರ, ಇನ್ನೊಂದು ಪಕ್ಕದಲ್ಲಿ ಹೂ ಮಾರುವವಳು. ಯುವಕನು ತನ್ನ ಹೆಸರನ್ನೂ ಊರನ್ನೂ ಹೇಳಿದನು. ಮಾಲೀಕಳು ಕೇಳಿ, "ಮೀನು ತೊಳೆದ ನೀರನ್ನು ಅಂಗಳದ ಮೋರಿಗೆ ಬಿಡಬೇಡಿ. ಐದನೇ ತಾರೀಕಿನೊಳಗೆ ಬಾಡಿಗೆ" ಎಂದು ಬೀಗದ ಕೈ ಕೊಟ್ಟಳು. ಮರುದಿನ ಬೆಳಗಿನ ಜಾವ ಯಾರೋ ಕದ ತಟ್ಟಿದರು. ಹೂವಿನವಳು ನಿಂತಿದ್ದಳು, ನಲ್ಲಿಯು ಐದೂವರೆಗೆ ಬಂದು ಆರೂವರೆಗೆ ನಿಲ್ಲುವದೆಂದು ಹೇಳಿ, ಇವರ ಕೊಡಗಳು ಇನ್ನೂ ಗಂಟಿನಲ್ಲಿರುವದನ್ನು ಕಂಡು, ತನ್ನದೇ ಎರಡನ್ನು ತಂದು ಹೊಸ್ತಿಲ ಬಳಿ ಇಟ್ಟುಹೋದಳು.