ಬಚ್ಚಲ ನೀರಿನ ಹೊಣೆ

ನೀರು ಸಲೀಸಾಗಿ ಹರಿದು ಹೋಗುವವರೆಗೆ ಬಚ್ಚಲಿನ ಮೋರಿಯನ್ನು ಯಾರೂ ನೆನೆಯುವುದಿಲ್ಲ. ಅದು ಕಟ್ಟಿಕೊಂಡು ನೀರು ಕಾಲಡಿಯಲ್ಲಿ ನಿಂತಾಗ ಮಾತ್ರ ನಾವು ಬಗ್ಗಿ ನೋಡುತ್ತೇವೆ. ಹಾಗೆ ಬಗ್ಗಿದಾಗ ಒಂದು ಪ್ರಶ್ನೆ ಏಳಬೇಕು: ನಮ್ಮ ಮೈಯಿಂದ ತೊಳೆದು ಹೋದ ಕೊಳೆ ನಮ್ಮದೋ, ಅಲ್ಲವೋ? ಅದು ಕಣ್ಮರೆಯಾದೊಡನೆ ನಮ್ಮ ಹೊಣೆಯೂ ಮುಗಿಯಿತೆ? ಮೇಲುನೋಟಕ್ಕೆ ಇದು ಕ್ಷುದ್ರವಾದ ವಿಷಯವೆಂದು ತೋರಬಹುದು. ಆದರೆ ನೀತಿಯ ದೊಡ್ಡ ಮಾತುಗಳು ಪರೀಕ್ಷೆಗೆ ಗುರಿಯಾಗುವುದು ಹೆಚ್ಚಾಗಿ ಇಂತಹ ಚಿಕ್ಕ ಸ್ಥಳಗಳಲ್ಲಿಯೇ.

ಅಮೆರಿಕದಲ್ಲಿ ಕೆಲವರು ಮನೆಯನ್ನೇ ಮೋಟಾರು ಬಂಡಿಯ ಮೇಲೆ ಕಟ್ಟಿಕೊಂಡು ಊರೂರು ಸಂಚರಿಸುತ್ತಾರೆ. ಮಲಗಲು ಮಂಚ, ಅಡಿಗೆಗೆ ಒಲೆ, ಒಬ್ಬರು ನಿಂತು ಮೀಯುವಷ್ಟು ಬಚ್ಚಲು, ಎಲ್ಲವೂ ಅದರೊಳಗೇ ಇರುತ್ತವೆ. ಆದರೆ ಓಡುವ ಬಂಡಿಗೆ ಊರಿನ ಚರಂಡಿಯ ಸಂಬಂಧವಿಲ್ಲವಷ್ಟೆ. ಆದುದರಿಂದ ಮಿಂದ ನೀರು ನೆಲದ ಕೆಳಗಿನ ಒಂದು ತೊಟ್ಟಿಯಲ್ಲಿ ಸಂಗ್ರಹವಾಗುತ್ತದೆ. ಅದನ್ನು ಅವರು ಬೂದು ನೀರೆಂದೂ, ಶೌಚದ ನೀರನ್ನು ಕಪ್ಪು ನೀರೆಂದೂ ಕರೆದು, ಎರಡಕ್ಕೂ ಸಾಮಾನ್ಯವಾಗಿ ಬೇರೆ ಬೇರೆ ತೊಟ್ಟಿಗಳನ್ನು ಇರಿಸುತ್ತಾರೆ. ತೊಟ್ಟಿ ತುಂಬಿದಾಗ ಗೊತ್ತಾದ ಸ್ಥಳಕ್ಕೆ ಬಂಡಿಯನ್ನು ಒಯ್ದು, ಕೊಳವೆ ಜೋಡಿಸಿ, ಕೈಯಾರೆ ಬರಿದು ಮಾಡಬೇಕು. ನಿನ್ನೆ ಮಿಂದ ನೀರು ಇಂದು ಅವರೊಡನೆಯೇ ಪ್ರಯಾಣ ಮಾಡುತ್ತಿರುತ್ತದೆ.

ಇಂತಹ ಬಂಡಿಯ ಬಚ್ಚಲಿನಲ್ಲಿ ನೀರು ಮೆಲ್ಲನೆ ಇಳಿಯತೊಡಗಿದರೆ ಏನು ಮಾಡಬೇಕು? ಬಲ್ಲವರು ಮೊದಲು ಕೊಳವೆಗೆ ಕೈಹಾಕುವುದಿಲ್ಲ. ತೊಟ್ಟಿ ತುಂಬಿದೆಯೇ ಎಂದು ನೋಡುತ್ತಾರೆ. ಬಂಡಿಯಲ್ಲಿ ಬಚ್ಚಲಿನ ನೆಲವೇ ಅತ್ಯಂತ ತಗ್ಗಾದುದರಿಂದ ತುಂಬಿದ ತೊಟ್ಟಿಯ ನೀರು ಅಲ್ಲಿಯೇ ಮೇಲೇರಿ ನಿಲ್ಲುತ್ತದೆ. ಅನಂತರ ಬಂಡಿ ಸಮತಟ್ಟಾಗಿ ನಿಂತಿದೆಯೇ ಎಂಬುದನ್ನು ಪರೀಕ್ಷಿಸುತ್ತಾರೆ. ಓರೆಯಾಗಿ ನಿಂತರೆ ಕೊಳವೆಯ ಇಳಿಜಾರು ಕೆಡುತ್ತದೆ. ಮೂರನೆಯದು ಗಾಳಿಯ ಮಾತು. ತೊಟ್ಟಿಯೊಳಕ್ಕೆ ನೀರು ಇಳಿಯಬೇಕಾದರೆ ಒಳಗಿನ ಗಾಳಿ ಹೊರಕ್ಕೆ ಹೋಗಬೇಕು. ಅದಕ್ಕಾಗಿ ಛಾವಣಿಯವರೆಗೆ ಒಂದು ಗಾಳಿಕೊಳವೆ ಇರುತ್ತದೆ. ಅದರ ಬಾಯಲ್ಲಿ ಹಕ್ಕಿಯೋ ಕಣಜವೋ ಗೂಡು ಕಟ್ಟಿದರೆ ನೀರು ಗುಳುಗುಳು ಶಬ್ದ ಮಾಡುತ್ತ ನಿಂತು ನಿಂತು ಇಳಿಯುತ್ತದೆ. ಇವು ಯಾವುವೂ ಅಲ್ಲವೆಂದು ತಿಳಿದ ಮೇಲೆ ಬಚ್ಚಲಿನ ಜಾಲರಿಯನ್ನು ತೆಗೆಯುತ್ತಾರೆ. ಅಲ್ಲಿ ಕಾಣುವುದು ಕೂದಲು, ಮತ್ತು ಗಡಸು ನೀರಿನ ಕ್ಯಾಲ್ಸಿಯಮ್ಮಿನೊಡನೆ ಸಾಬೂನು ಕೂಡಿ ಆದ ಜಿಗುಟಾದ ಗಷ್ಟು. ಹಲ್ಲುಗಳುಳ್ಳ ತೆಳುವಾದ ಪಟ್ಟಿಯನ್ನು ಇಳಿಬಿಟ್ಟು ಮೆಲ್ಲನೆ ಎಳೆದರೆ ಅದು ಸುರುಳಿಯಾಗಿ ಹೊರಕ್ಕೆ ಬರುತ್ತದೆ.

ಇದಕ್ಕಿಂತ ಸುಲಭವಾದ ದಾರಿಯೊಂದು ಅಂಗಡಿಯಲ್ಲಿ ದೊರೆಯುತ್ತದೆ. ಕಾಸ್ಟಿಕ್ ಸೋಡದಂತಹ ತೀಕ್ಷ್ಣ ಕ್ಷಾರವನ್ನು ಸುರಿದರೆ ಕೂದಲು ಕರಗುತ್ತದೆ, ನೋಡಬೇಕಾಗಿಲ್ಲ, ಮುಟ್ಟಬೇಕಾಗಿಲ್ಲ. ಆದರೆ ಆ ಕ್ಷಾರದ ಕಾವಿಗೆ ಪ್ಲಾಸ್ಟಿಕ್ ಕೊಳವೆ ಮೆತ್ತಗಾಗಬಹುದು, ರಬ್ಬರಿನ ಬಿರಡೆ ಕೆಡಬಹುದು. ಮುಂದೆ ಆ ಕೊಳವೆಯನ್ನು ಬಿಚ್ಚುವವನ ಕೈಗೆ ಅದು ತಗಲಿದರೆ ಚರ್ಮ ಸುಡುತ್ತದೆ. ನಮ್ಮ ಜುಗುಪ್ಸೆಯನ್ನು ನಾವು ನೀಗಿದಂತಾಯಿತು ನಿಜ. ಆದರೆ ಅದು ಇನ್ನೊಬ್ಬನ ಕೈಯ ಗಾಯವಾಗಿ ಮಾರ್ಪಟ್ಟಿತು.

ನಮ್ಮ ವಿಚಾರದ ತಿರುಳು ಇಲ್ಲಿದೆ. ಬಂಡಿಯವನಿಗೂ ಮನೆಯವನಿಗೂ ಇರುವ ಭೇದ ಗುಣದ ಭೇದವಲ್ಲ, ದೃಷ್ಟಿಯ ಭೇದ. ಬಂಡಿಯವನ ಕೊಳೆ ಅವನ ಕಣ್ಣೆದುರಿಗೇ ಇದೆ. ನಮ್ಮದು ಗೋಡೆಯಾಚೆಗೆ ಹೋಗಿದೆ. ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕನು 1775ರಲ್ಲಿ ಶೌಚದ ಕೊಳವೆಯನ್ನು ಡೊಂಕಾಗಿ ಬಾಗಿಸಿ, ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡಿದನು. ಚರಂಡಿಯ ದುರ್ವಾಯು ಆ ನೀರನ್ನು ದಾಟಿ ಮನೆಯೊಳಕ್ಕೆ ಬರಲಾರದು. ಮಾನವನ ಆರೋಗ್ಯಕ್ಕೆ ಇದು ಮಹೋಪಕಾರವೇ ಸರಿ. ಆದರೆ ದುರ್ವಾಯು ನಮ್ಮನ್ನು ಮುಟ್ಟದಿದ್ದ ಮಾತ್ರಕ್ಕೆ ಅದು ಇಲ್ಲವೆಂದು ಆಗಲಿಲ್ಲ. ಮುಚ್ಚಿದ ಗುಂಡಿಗಳಲ್ಲಿ ಅದು ಕಾದಿರುತ್ತದೆ. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೊದಲು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ; ಆದುದರಿಂದ ಒಳಕ್ಕೆ ಇಳಿದವನಿಗೆ ಎಚ್ಚರಿಕೆಯೂ ದೊರೆಯುವುದಿಲ್ಲ.

ನಮ್ಮ ದೇಶದಲ್ಲಿ ಹಾಗೆ ಇಳಿದವರು ಯಾರು? ತಲೆತಲಾಂತರದಿಂದ ಹುಟ್ಟಿನ ಕಾರಣದಿಂದಲೇ ಆ ಕೆಲಸಕ್ಕೆ ನೂಕಲ್ಪಟ್ಟವರು. 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರು ಪೊರಕೆ ಹಿಡಿದು ಶೌಚಸ್ಥಳವನ್ನು ತಾವೇ ಶುಚಿ ಮಾಡಿದರು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ಬಂದಿತು. ಅನಂತರ 1993ರಲ್ಲಿ ಒಂದು ಕಾನೂನೂ 2013ರಲ್ಲಿ ಅದಕ್ಕಿಂತ ವ್ಯಾಪಕವಾದ ಇನ್ನೊಂದೂ ಆದುವು. ಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಆಜ್ಞಾಪಿಸಿತು; 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತವನ್ನು ಏರಿಸಬೇಕಾಯಿತು ಎಂಬುದರಿಂದಲೇ ಸಾವು ನಿಂತಿಲ್ಲವೆಂಬುದು ತಿಳಿಯುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬಟ್ಟೆಯನ್ನು ನೇಯ್ಗೆಯವನಿಂದಲೂ ನೇಗಿಲನ್ನು ಬಡಗಿಯಿಂದಲೂ ಪಡೆಯುವ ನಾವು ಮೋರಿಯ ಕೆಲಸವನ್ನು ಮಾತ್ರ ಏಕೆ ನಾವೇ ಮಾಡಬೇಕು? ಕೂಲಿ ಕೊಟ್ಟರೆ ಸಾಲದೆ? ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಒಡೆದ ಕೊಳವೆಯನ್ನು ಜೋಡಿಸಲು ಜಾಣ್ಮೆ ಬೇಕು, ಸಾಧನ ಬೇಕು. ಅದನ್ನು ಬಲ್ಲವನಿಂದ ಮಾಡಿಸಿ, ತಕ್ಕ ಕೂಲಿಯನ್ನೂ ಮರ್ಯಾದೆಯನ್ನೂ ಕೊಡುವುದರಲ್ಲಿ ದೋಷವಿಲ್ಲ. ಆದರೆ ಜಾಲರಿಯ ಮೇಲಿನ ನಮ್ಮದೇ ಕೂದಲನ್ನು ತೆಗೆಯಲು ಯಾವ ಜಾಣ್ಮೆ ಬೇಕು? ಅಲ್ಲಿ ನಾವು ಇನ್ನೊಬ್ಬನಿಂದ ಕೊಳ್ಳುವುದು ವಿದ್ಯೆಯನ್ನಲ್ಲ, ಹೇಸಿಗೆಯ ಸಹನೆಯನ್ನು. ಬಟ್ಟೆಯನ್ನು ಕೊಂಡವನು ನೇಯ್ಗೆಯವನ ಕೈಯನ್ನು ಕೀಳೆನ್ನುವುದಿಲ್ಲ. ಮೋರಿ ತೊಳೆಸಿದವನೋ ತೊಳೆದ ಕೈಗೆ ನೀರು ಕೊಡುವಾಗಲೂ ದೂರ ನಿಲ್ಲುವುದುಂಟು. ಕೂಲಿ ಸಂದರೂ ಸಾಲ ತೀರುವುದಿಲ್ಲವೆಂಬುದಕ್ಕೆ ಇದೇ ಗುರುತು.

ಉಪಾಧ್ಯಾಯರಾದ ನಮಗೆ ಈ ವಿಷಯ ಇನ್ನೂ ಹತ್ತಿರದ್ದು. ಶಾಲೆಯ ಹಿಂದೆ ಮಕ್ಕಳು ಕೈ ತೊಳೆಯುವ ತೊಟ್ಟಿಯ ಮೋರಿಯಲ್ಲಿ ಅನ್ನದ ಅಗುಳು ಸೇರಿ ನೀರು ನಿಲ್ಲುತ್ತದೆ. ಅದನ್ನು ಬಿಡಿಸುವವರು ಯಾರು? ಕೆಲವೇ ಮಕ್ಕಳನ್ನು ಅವರ ಕೇರಿ ನೋಡಿ ಕರೆದರೆ ಅದು ಘೋರವಾದ ಅನ್ಯಾಯ. ಕಾನೂನು ಹೇಳದಿದ್ದರೂ ಅನ್ಯಾಯವೇ. ತಪ್ಪು ಮಾಡಿದವನಿಗೆ ಶಿಕ್ಷೆಯಾಗಿ ಆ ಕೆಲಸ ಕೊಟ್ಟರೆ ಹೇಗೆ? ಇದು ನ್ಯಾಯವೆಂದೇ ಅನೇಕರಿಗೆ ತೋರುತ್ತದೆ. ಆದರೆ ಶಿಕ್ಷೆಯಾಗಿ ಕೊಟ್ಟ ಕೆಲಸವನ್ನು ಮಗು ಅವಮಾನವೆಂದೇ ಕಲಿಯುತ್ತದೆ. ನಾಳೆ ಆ ಕೆಲಸವನ್ನು ದಿನವೂ ಮಾಡುವವನನ್ನು ಕಂಡಾಗ, ಇವನು ಏನೋ ತಪ್ಪು ಮಾಡಿದವನೆಂಬ ಭಾವನೆ ಅದರ ಮನಸ್ಸಿನಲ್ಲಿ ಉಳಿಯುತ್ತದೆ. ಸರದಿಯ ಪಟ್ಟಿಯಲ್ಲಿ ಎಲ್ಲ ಮಕ್ಕಳ ಹೆಸರೂ ಇದ್ದು, ಮೊದಲನೆಯ ಹೆಸರು ಗುರುಗಳದೇ ಆದರೆ, ಅದು ಪಾಠವಾಗುತ್ತದೆ. ಚರಂಡಿಯ ಗುಂಡಿಗೆ ಮಾತ್ರ ಯಾವ ಮಗುವನ್ನೂ ಇಳಿಸಕೂಡದು. ಅಲ್ಲಿಗೆ ಯಂತ್ರವೇ ತಕ್ಕದ್ದು.

ಪ್ರಿಯ ವಿದ್ಯಾರ್ಥಿಗಳೇ, ಲೋಕದ ಸಕಲ ಕೊಳೆಗೂ ನೀವು ಹೊಣೆಯೆಂದು ನಾವು ಹೇಳುತ್ತಿಲ್ಲ. ಮಿಂದ ಮೇಲೆ ಜಾಲರಿಯ ಕೂದಲನ್ನು ತೆಗೆದು ಕಸದ ಬುಟ್ಟಿಗೆ ಹಾಕಿರಿ. ಕೈ ತೊಳೆಯುವ ಮೊದಲು ಎಲೆಯ ಅಗುಳನ್ನು ಬೇರೆಯಾಗಿ ಸುರಿಯಿರಿ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷವನ್ನು ನಾವು ಉಳಿಸಿಕೊಂಡಷ್ಟೂ ಇನ್ನೊಬ್ಬನು, ನಮಗೆ ಹೆಸರು ತಿಳಿಯದವನು, ಎಲ್ಲಿಯೋ ಬಗ್ಗಬೇಕಾಗುತ್ತದೆ.